ಮಾಡಲು ಬರುತ್ತದೆ, ಮಾರಲು? ಕಾಸರಗೋಡಿನ ಹೈಸ್ಕೂಲುಗಳಲ್ಲಿ ವ್ಯವಹಾರದ ಪಾಠ

ಕೇರಳದ ಶಾಲಾ ಶಾಸ್ತ್ರೋತ್ಸವದಲ್ಲಿ, ಅಂದರೆ ಮಕ್ಕಳ ವಿಜ್ಞಾನ-ವೃತ್ತಿ ಮೇಳದಲ್ಲಿ, ಜನ ಮುಗಿಬೀಳುವುದು ವಿಜ್ಞಾನದ ಮಾದರಿಗಳ ಹತ್ತಿರ. ಆದರೆ ಸ್ವಲ್ಪ ಹೊತ್ತು ವೃತ್ತಿ ಪರಿಚಯ ಮೇಳದ ಕೋಣೆಗಳ ಬಾಗಿಲಲ್ಲಿ ನಿಂತು ನೋಡಬೇಕು. ಕೊಡುವುದು ಮೂರು ಗಂಟೆ ಸಮಯ. ಅಷ್ಟರಲ್ಲಿ ಎಂಟನೇ, ಒಂಬತ್ತನೇ ಕ್ಲಾಸಿನ ಮಕ್ಕಳು ಕಡ್ಡಿಗಳಿಗೆ ಬಟ್ಟೆ ಹೊಲಿದು ಕೊಡೆ ಮಾಡುತ್ತಾರೆ. ಅಗರಬತ್ತಿ ಹೊಸೆಯುತ್ತಾರೆ. ಗರಿ ಹೆಣೆಯುತ್ತಾರೆ. ಪುಸ್ತಕಕ್ಕೆ ಬೈಂಡ್ ಹಾಕುತ್ತಾರೆ. ಹಲಗೆಯ ಮೇಲೆ ವಯರಿಂಗ್ ಮಾಡಿ ಬಲ್ಬು ಉರಿಸುತ್ತಾರೆ. ತೀರ್ಪುಗಾರರು ಹೊಲಿಗೆ ನೋಡುತ್ತಾರೆ, ಫಿನಿಶಿಂಗ್ ನೋಡುತ್ತಾರೆ, ಅಂಕ ಬರೆದುಕೊಂಡು ಮುಂದಕ್ಕೆ ಹೋಗುತ್ತಾರೆ.

ಈ ಕೊಡೆಗೆ ಎಷ್ಟು ಖರ್ಚಾಯಿತು, ಅಂಗಡಿಯ ಕೊಡೆಗಿಂತ ಇದು ಅಗ್ಗವೋ ತುಟ್ಟಿಯೋ, ನಿನ್ನ ಮೂರು ಗಂಟೆಗೆ ಕೂಲಿ ಎಷ್ಟು ಹಾಕಿದ್ದೀ, ಇದನ್ನು ಕೊಳ್ಳುವವರು ಯಾರು? ಇಂಥ ಪ್ರಶ್ನೆಗಳು ಆ ಕೋಣೆಯಲ್ಲಿ ಸಾಮಾನ್ಯವಾಗಿ ಏಳುವುದಿಲ್ಲ. ಮೇಳ ಮುಗಿದ ಮೇಲೆ ಕೊಡೆ ಮನೆಗೋ ಶಾಲೆಯ ಕಪಾಟಿಗೋ ಹೋಗುತ್ತದೆ. ಇದೇ ರಾಜ್ಯದ ವೊಕೇಷನಲ್ ಹೈಯರ್ ಸೆಕೆಂಡರಿ ಮಕ್ಕಳ ಎಕ್ಸ್‌ಪೋದಲ್ಲಿ 'ಹೆಚ್ಚು ಮಾರಾಟವಾಗಬಲ್ಲದ್ದು', 'ಹೆಚ್ಚು ಲಾಭ ತರಬಲ್ಲದ್ದು' ಎಂಬ ವಿಭಾಗಗಳಿಗೂ ಬಹುಮಾನ ಇದೆ. ಅಂದರೆ ಇಲಾಖೆಗೆ ಈ ಪ್ರಶ್ನೆ ಗೊತ್ತಿಲ್ಲ ಎಂದಲ್ಲ. ಹದಿನಾರು ದಾಟಿದ ಮೇಲೆ, ಅದೂ ವೊಕೇಷನಲ್ ಕೋರ್ಸಿಗೆ ಸೇರಿದ ಸ್ವಲ್ಪ ಮಕ್ಕಳಿಗೆ ಮಾತ್ರ ಕೇಳಿದರೆ ಸಾಕು ಎಂದುಕೊಂಡ ಹಾಗಿದೆ.

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕನ್ನಡ ಮಾಧ್ಯಮದ ಶಾಲೆಗಳನ್ನು ಮನಸ್ಸಿನಲ್ಲಿಟ್ಟು ನೋಡಿದರೆ ಇದು ಸಣ್ಣ ವಿಷಯವಲ್ಲ. ಇಲ್ಲಿನ ಮಕ್ಕಳ ಕೈಗೆ ಕೆಲಸ ಬರುತ್ತದೆ. ತೋಟ, ಹಟ್ಟಿ, ಹೊಲಿಗೆ ಮೆಷಿನ್, ಹಪ್ಪಳದ ಮಣೆ ಇವೆಲ್ಲ ಮನೆಯಲ್ಲೇ ಇವೆ. ಬಾರದೇ ಇರುವುದು ಮಾಡಿದ ನಂತರದ ಅರ್ಧ: ಬೆಲೆ ಕಟ್ಟುವುದು, ಉದ್ರಿ ವಸೂಲಿ, ಲೆಕ್ಕ ಬರೆಯುವುದು, ಯಾವ ಕಾಗದ ಎಲ್ಲಿ ಮಾಡಿಸಬೇಕು ಎಂಬುದು.

ಎಲ್ಲರೂ ಹೇಳುತ್ತಿರುವುದು, ಪುರಾವೆ ಹೇಳುವುದು

ಶಾಲೆಯಲ್ಲೇ ಉದ್ಯಮ ಕಲಿಸಬೇಕು ಎಂಬ ಮಾತು ಈಗ ದೇಶದ ತುಂಬಾ ಕೇಳುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ಕ್ಲಾಸಿನ ನಡುವೆ ಹತ್ತು ದಿನ ಚೀಲ ಇಲ್ಲದೆ ಬಂದು ಊರಿನ ಕಸುಬುದಾರರ ಹತ್ತಿರ ಕಲಿಯಲಿ ಎಂದಿತು. 2024ರಿಂದ ಎನ್‌ಸಿಇಆರ್‌ಟಿ ಆರನೇ ಕ್ಲಾಸಿಗೆ ವೃತ್ತಿ ಶಿಕ್ಷಣದ್ದೇ ಪಠ್ಯಪುಸ್ತಕ ತಂದಿತು. ದೆಹಲಿಯಲ್ಲಿ 2019ರಲ್ಲೇ ಒಂಬತ್ತರಿಂದ ಹನ್ನೆರಡನೇ ಕ್ಲಾಸಿನವರೆಗೆ ಉದ್ಯಮಶೀಲ ಮನೋಭಾವದ ಪಠ್ಯಕ್ರಮ ಶುರುವಾಯಿತು. 2021ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳ ಹನ್ನೊಂದು, ಹನ್ನೆರಡನೇ ಕ್ಲಾಸಿನ ಮಕ್ಕಳಿಗೆ ತಲಾ 2,000 ರೂಪಾಯಿ ಬೀಜಧನ ಕೊಟ್ಟು ತಂಡ ಕಟ್ಟಿ ವ್ಯಾಪಾರ ಮಾಡಿ ಎಂದರು. 2025ರಲ್ಲಿ ಅಲ್ಲಿ ಸರ್ಕಾರ ಬದಲಾಯಿತು, ಯೋಜನೆಯ ಹೆಸರೂ ಬದಲಾಯಿತು. ನಮ್ಮಲ್ಲಿ ಹೆಸರು ಬದಲಾಯಿಸುವುದಕ್ಕೆ ಇರುವ ಉತ್ಸಾಹ ಫಲಿತಾಂಶ ಅಳೆಯುವುದಕ್ಕೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಅಲ್ವಾ?

ಕೇರಳ ಸುಮ್ಮನೆ ಕೂತಿಲ್ಲ. 2022-23ನ್ನು ಉದ್ಯಮ ವರ್ಷ ಎಂದು ಘೋಷಿಸಿ ಒಂದು ಲಕ್ಷ ಹೊಸ ಉದ್ಯಮಗಳ ಗುರಿ ಇಟ್ಟು, ಗುರಿ ದಾಟಿದೆವು ಎಂದು ಸರ್ಕಾರ ಹೇಳಿತು. ಹೈಸ್ಕೂಲುಗಳಲ್ಲಿ 2018ರಿಂದ ಲಿಟಲ್ ಕೈಟ್ಸ್ ಐಟಿ ಕ್ಲಬ್ಬುಗಳಿವೆ. ಹೊಸ ಐಡಿಯಾ ಇರುವ ಮಕ್ಕಳಿಗೆ ರಾಜ್ಯ ಸರ್ಕಾರದ ಸಂಸ್ಥೆ ಕೆ-ಡಿಸ್ಕ್ ನಡೆಸುವ ಯಂಗ್ ಇನ್ನೊವೇಟರ್ಸ್ ಕಾರ್ಯಕ್ರಮ ಇದೆ. ಎಲ್ಲ ಒಳ್ಳೆಯದೇ. ಆದರೆ ಇವೆಲ್ಲ ಹೊಸ ಐಡಿಯಾ, ಹೊಸ ಯಂತ್ರ, ಹೊಸ ಆ್ಯಪ್ ಹುಡುಕುತ್ತವೆ. ಪೈವಳಿಕೆಯ ಹುಡುಗನೊಬ್ಬ ಅಪ್ಪನ ಅಂಗಡಿಯ ಉದ್ರಿ ಪುಸ್ತಕ ಸರಿಮಾಡಿದರೆ ಅದನ್ನು ಇನ್ನೊವೇಶನ್ ಎಂದು ಯಾರೂ ಬರೆದುಕೊಳ್ಳುವುದಿಲ್ಲ.

ಪುರಾವೆ ಏನು ಹೇಳುತ್ತದೆ? ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿನ ವೃತ್ತಿಪರ ಕಾಲೇಜಿನ ವಿದ್ಯಾರ್ಥಿಗಳು ಪುಟ್ಟ ಕಂಪನಿ ಕಟ್ಟಿ ನಡೆಸುವ ಒಂದು ಪ್ರಸಿದ್ಧ ಕಾರ್ಯಕ್ರಮವನ್ನು ಅವರು ಅಳೆದರು. ಕೌಶಲ ಹೆಚ್ಚಿದ್ದು ಕಾಣಲಿಲ್ಲ. ಉದ್ಯಮಿ ಆಗಬೇಕೆಂಬ ಆಸೆ ಮೊದಲಿಗಿಂತ ಕಡಿಮೆಯೇ ಆಯಿತು. 2014ರಲ್ಲಿ ಅದೇ ದೇಶದಿಂದ ಇನ್ನೊಂದು ಅಧ್ಯಯನ ಬಂತು. ಈ ಸಲ ಪ್ರೈಮರಿ ಶಾಲೆಯ ಮಕ್ಕಳು. ಐದು ದಿನದ ಕಾರ್ಯಕ್ರಮದಿಂದ ವ್ಯಾಪಾರದ ತಿಳಿವಳಿಕೆ ಹೆಚ್ಚಲಿಲ್ಲ. ಆದರೆ ಧೈರ್ಯ, ಬಿಡದೆ ಪ್ರಯತ್ನಿಸುವುದು, ತಾನಾಗಿ ಮುಂದೆ ಬರುವುದು ಇಂಥ ಗುಣಗಳು ಬೆಳೆದವು. 2017ರಲ್ಲಿ ಆಫ್ರಿಕಾದ ಟೋಗೊ ದೇಶದ ಸಣ್ಣ ವ್ಯಾಪಾರಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಹೊರಬಂತು. ತಾನಾಗಿ ಹೆಜ್ಜೆ ಇಡುವುದನ್ನು, ತೊಡಕು ಮೊದಲೇ ಊಹಿಸುವುದನ್ನು ಕಲಿಸಿದ ತರಬೇತಿಯಿಂದ ಲಾಭ ಸುಮಾರು ಶೇ. 30 ಹೆಚ್ಚಿತ್ತು. ಸಾಮಾನ್ಯ ವ್ಯಾಪಾರ ತರಬೇತಿ ಇದರ ಹತ್ತಿರಕ್ಕೂ ಬರಲಿಲ್ಲ.

ಮೊದಲ ಅಧ್ಯಯನದ ಬಗ್ಗೆ ನನ್ನ ಓದು ಹೀಗಿದೆ: ಆಸೆ ಕಡಿಮೆಯಾದರೆ ಅದು ಸೋಲೇ ಆಗಬೇಕಾಗಿಲ್ಲ. ವ್ಯಾಪಾರ ಎಂದರೆ ಏನೆಂದು ಹತ್ತಿರದಿಂದ ನೋಡಿ "ಇದು ನನಗೆ ಬೇಡ" ಎಂದು ಹದಿನೆಂಟರಲ್ಲೇ ತಿಳಿದರೆ, ಮೂವತ್ತರಲ್ಲಿ ಚಿನ್ನ ಅಡವಿಟ್ಟು ತಿಳಿಯುವುದಕ್ಕಿಂತ ಮೇಲು. ಹಾಗಾಗಿ ಎಷ್ಟು ಮಕ್ಕಳು ಉದ್ಯಮಿಗಳಾದರು ಎಂದು ಎಣಿಸಿ ಈ ಪಾಠವನ್ನು ಅಳೆಯಬಾರದು. ಎಷ್ಟು ಮಕ್ಕಳಿಗೆ ಲೆಕ್ಕ ಬಂತು ಎಂದು ಕೇಳಬೇಕು.

ಸೋಂಟೆಯ ಲೆಕ್ಕ

ಲೆಕ್ಕ ಎಂದರೆ ಎಂಥದ್ದು, ಒಂದು ಉದಾಹರಣೆ ಬಿಡಿಸಿ ನೋಡೋಣ. ಇಲ್ಲಿನ ಅಂಕಿಗಳು ಪಾಠಕ್ಕಾಗಿ ಇಟ್ಟುಕೊಂಡವು. ಊರಿನ ರೇಟು ಹಾಕಿ ತಿದ್ದಿಕೊಳ್ಳಬಹುದು.

ಒಂಬತ್ತನೇ ಕ್ಲಾಸಿನ ನಾಲ್ಕು ಮಕ್ಕಳು ಹಲಸಿನ ಸೋಂಟೆ, ಅಂದರೆ ಸೊಳೆಯ ಚಿಪ್ಸ್, ಮಾಡಿದರು ಅನ್ನಿ. ಹಲಸು ಹಿತ್ತಿಲದ್ದು. ಹಾಗಾಗಿ ಪುಕ್ಕಟೆ ಎಂದು ಮಕ್ಕಳ ಲೆಕ್ಕ. ಕೈಗೆ ತೆಂಗಿನೆಣ್ಣೆ ಸವರಿ, ಮಯಣ (ಅಂಟು) ಒರೆಸಿ, ರೆಚ್ಚೆ (ನಾರು) ತೆಗೆದು, ಸೊಳೆ ಬಿಡಿಸಿ, ಬೇಳೆ ಬೇರೆ ಮಾಡಿ, ಒಂದೇ ಅಳತೆಗೆ ಸೀಳಿ ಎಣ್ಣೆಯಲ್ಲಿ ಹೊರಿಯುವುದಕ್ಕೆ ಐದು ಗಂಟೆ ಹಿಡಿಯಿತು. ಎರಡು ಕಿಲೋ ಸೋಂಟೆ ಆಯಿತು. 100 ಗ್ರಾಮಿನ 20 ಪ್ಯಾಕೆಟ್. ಮುಕ್ಕಾಲು ಲೀಟರ್ ತೆಂಗಿನೆಣ್ಣೆ ಹೋಯಿತು, ಲೀಟರಿಗೆ 400ರಂತೆ 300 ರೂಪಾಯಿ. ಗ್ಯಾಸಿಗೆ 60, ಉಪ್ಪು-ಅರಿಶಿನಕ್ಕೆ 10, ಪ್ಯಾಕೆಟ್ ಮತ್ತು ಲೇಬಲಿಗೆ 40, ಬಸ್ಸಿಗೆ 30. ಒಟ್ಟು 440. ಪ್ಯಾಕೆಟಿಗೆ 40ರಂತೆ ಮಾರಿದರೆ 800. ಲಾಭ 360. ಮಕ್ಕಳಿಗೆ ಖುಷಿಯೋ ಖುಷಿ.

ಟೀಚರ್ ಇಲ್ಲಿ ಮೂರು ಪ್ರಶ್ನೆ ಕೇಳಬೇಕು.

ಒಂದು, ನಿಮ್ಮ ಕೂಲಿ ಎಲ್ಲಿ? ನಾಲ್ಕು ಜನ, ಐದು ಗಂಟೆ, ಅಂದರೆ 20 ಗಂಟೆಯ ಕೆಲಸ. 360ನ್ನು ಭಾಗಿಸಿದರೆ ಗಂಟೆಗೆ 18 ರೂಪಾಯಿ. ಹಲಸನ್ನು ಸಂತೆಯಿಂದ 100 ರೂಪಾಯಿಗೆ ತಂದಿದ್ದರೆ ಗಂಟೆಗೆ 13. ನಮ್ಮ ಕಡೆ ಮನೆ ಉತ್ಪನ್ನಗಳ ದೊಡ್ಡ ಕಾಯಿಲೆ ಇದೇ. ಅಮ್ಮನ ದುಡಿಮೆಗೆ ಬೆಲೆ ಇಲ್ಲ, ಹಿತ್ತಿಲ ಹಣ್ಣಿಗೆ ಬೆಲೆ ಇಲ್ಲ. ಹಾಗಾಗಿ ಹಪ್ಪಳ, ಉಪ್ಪಿನಕಾಯಿಯ ರೇಟು ಯಾವತ್ತೂ ಸುಳ್ಳು ರೇಟು. ಕೂಲಿಗೆ ಜನ ಇಟ್ಟು ಮಾಡಲು ಹೊರಟ ದಿನ ವ್ಯಾಪಾರ ಮುಳುಗುತ್ತದೆ.

ಎರಡು, ಲಾಭದ ದುಡ್ಡು ಎಲ್ಲಿದೆ, ತೋರಿಸಿ. 20 ಪ್ಯಾಕೆಟಿನಲ್ಲಿ 13ಕ್ಕೆ ರೊಕ್ಕ ಬಂತು, 520 ರೂಪಾಯಿ. ಐದನ್ನು ಸ್ಟಾಪಿನ ಹತ್ತಿರದ ಅಂಗಡಿಯವರು "ಇಟ್ಟು ಹೋಗು ಮಗಾ, ಖರ್ಚಾದ ಮೇಲೆ ದುಡ್ಡು ಕೊಡ್ತೇನೆ" ಎಂದು ಇಟ್ಟುಕೊಂಡರು. ಎರಡು ಹಾಗೆಯೇ ಉಳಿದು ಮೆತ್ತಗಾದವು. ಕೈಯಲ್ಲಿರುವ 520ರಲ್ಲಿ ಖರ್ಚು 440 ಕಳೆದರೆ 80 ರೂಪಾಯಿ. ಪುಸ್ತಕದಲ್ಲಿ 360, ಕಿಸೆಯಲ್ಲಿ 80. ಊರಿನ ಎಷ್ಟೋ ಅಂಗಡಿ, ಹೋಟೆಲು ಬಾಗಿಲು ಹಾಕಿದ್ದು ವ್ಯಾಪಾರ ಇಲ್ಲದೆ ಅಲ್ಲ, ಈ ಎರಡು ಅಂಕಿಗಳ ನಡುವೆ ಸಿಕ್ಕಿಬಿದ್ದು. ಅಂಗಡಿಯವರ ಹತ್ತಿರ ಆ ಐದು ಪ್ಯಾಕೆಟಿನ ದುಡ್ಡು ಕೇಳಲು ಹೋಗುವುದಿದೆಯಲ್ಲ, ಮುಖ ಕೆಡಿಸಿಕೊಳ್ಳದೆ ಕೇಳುವುದು, ಅದು ಯಾವ ಪಠ್ಯದಲ್ಲೂ ಇಲ್ಲದ ಪಾಠ. ದೊಡ್ಡವರಿಗೇ ಬರುವುದಿಲ್ಲ.

ಮೂರು, ಎಣ್ಣೆಯ ರೇಟು ಏರಿದರೆ? 2025ರ ಮಳೆಗಾಲದಲ್ಲಿ ಕೇರಳದಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿ ಓಡಿತು. ಸೋಂಟೆ, ಬಾಳೆಕಾಯಿ ಚಿಪ್ಸ್ ಮಾಡುವವರ ಲೆಕ್ಕವೆಲ್ಲ ತಲೆಕೆಳಗಾಯಿತು. ರೇಟು ಏರಿಸುವುದೋ, ಪ್ಯಾಕೆಟಿನಲ್ಲಿ 10 ಗ್ರಾಮ್ ಕಡಿಮೆ ಮಾಡಿ ಅದನ್ನು ಲೇಬಲಿನ ಮೇಲೆ ಪ್ರಾಮಾಣಿಕವಾಗಿ ಬರೆಯುವುದೋ, ಬೇರೆ ಎಣ್ಣೆಗೆ ಹೋಗಿ ರುಚಿ ಕೆಡಿಸುವುದೋ? ಇದಕ್ಕೆ ಗೈಡಿನಲ್ಲಿ ಉತ್ತರ ಸಿಗುವುದಿಲ್ಲ. ಒಂದು ಪೀರಿಯಡ್ ಪೂರ್ತಿ ಮಕ್ಕಳು ಜಗಳಾಡಲಿ ಬಿಡಿ.

ಇದಕ್ಕೆಲ್ಲ ಬೇಕಾದ ಗಣಿತ ಏಳನೇ ಕ್ಲಾಸಿನಲ್ಲೇ ಮುಗಿದಿರುತ್ತದೆ. ಬ್ಯಾಂಕು, ತೆರಿಗೆ, ಗ್ರಾಹಕರ ಹಕ್ಕು ಸಮಾಜ ವಿಜ್ಞಾನದಲ್ಲಿ ಬಂದು ಹೋಗುತ್ತವೆ. ಹೊಸ ಪುಸ್ತಕ ಬೇಕಾಗಿಲ್ಲ. ಇರುವ ಪಾಠಗಳು ಒಂದಕ್ಕೊಂದು ಪರಿಚಯವೇ ಇಲ್ಲದವರ ಹಾಗೆ ಬೇರೆ ಬೇರೆ ಪೀರಿಯಡ್‌ಗಳಲ್ಲಿ ಕೂತಿವೆ, ಅಷ್ಟೆ.

ಅಂಗಳದಲ್ಲೇ ಇರುವ ಪಠ್ಯ

ಅಡಿಕೆ ಮನೆಯ ಮಗುವಿಗೆ ಗ್ರೇಡಿಂಗ್ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಒಣಗಿಸಿ ಸುಲಿದ ಅಡಿಕೆಯನ್ನು ಗೋಣಿಯ ಮೇಲೆ ಹರಡಿ ಅಜ್ಜಿ ಕೈಯಲ್ಲೇ ಹೆಕ್ಕುವುದನ್ನು ಅದು ನೋಡಿದೆ. ಒಳ್ಳೆಯದು ಒಂದು ಕಡೆ. ಒಡಕು, ಸುಕ್ಕು, ಕಪ್ಪು ನೋಡಿ ಪಟೋರ, ಉಳ್ಳಿಗಡ್ಡೆ, ಕರಿಗೋಟು, ಕೋಕ ಎಂದು ಬೇರೆ ಬೇರೆ ರಾಶಿ. ಒಂದೇ ಮರದ ಅಡಿಕೆ, ಬೇರೆ ಬೇರೆ ಧಾರಣೆ. ಬೆರೆಸಿ ಕೊಟ್ಟರೆ ಕಡಿಮೆ ಧಾರಣೆಯೇ ಎಲ್ಲದಕ್ಕೂ ಬೀಳುತ್ತದೆ. ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಫೀಸು ಕೊಟ್ಟು ಕಲಿಯುವ ಮಾತನ್ನು ಅಜ್ಜಿ ಎಲೆ ಅಡಿಕೆ ಜಗಿಯುತ್ತಾ ಕಲಿಸಿದ್ದಾಳೆ. ಶಾಲೆ ಅದನ್ನು ಪಾಠ ಎಂದು ಗುರುತಿಸಿಲ್ಲ.

ಇನ್ನೂ ಒಳ್ಳೆಯ ಪಾಠ ಇರುವುದು ಕಾಯುವುದರಲ್ಲಿ. ಹೊಸ ಅಡಿಕೆಯನ್ನು ಈಗಲೇ ಕೊಡುವುದೋ, ಹಳತು ಮಾಡಿ ಮುಂದಿನ ವರ್ಷ ಕೊಡುವುದೋ? ಪ್ರತಿ ಮನೆಯಲ್ಲೂ ಊಟದ ಹೊತ್ತಿಗೆ ನಡೆಯುವ ಚರ್ಚೆ. ಕ್ವಿಂಟಲಿಗೆ ಇವತ್ತು 40,000 ರೂಪಾಯಿ ಸಿಗುತ್ತದೆ, ಒಂದು ವರ್ಷ ಕಾದರೆ 45,000 ಆಗುತ್ತದೆ ಅನ್ನಿ. ಕಾದರೆ 5,000 ಲಾಭ ಎಂದು ಅಪ್ಪ ಹೇಳುತ್ತಾರೆ. ಆದರೆ ಅಡಿಕೆ ಅಟ್ಟದಲ್ಲಿ ಇರುವಾಗ ಮನೆ ಖರ್ಚಿಗೆ ಸೊಸೈಟಿಯಲ್ಲಿ ಚಿನ್ನ ಇಟ್ಟು 40,000 ತಂದಿದ್ದಾರೆ. ನೂರಕ್ಕೆ 10ರಂತೆ ಬಡ್ಡಿ 4,000. ಒಣಗಿ ನೂರು ಕಿಲೋದಲ್ಲಿ ಎರಡು ಕಿಲೋ ತೂಕ ಇಳಿಯಿತು. ಉಳಿದ 98 ಕಿಲೋಗೆ ಸಿಕ್ಕಿದ್ದು 44,100. ಅದರಲ್ಲಿ 40,000 ಅಸಲು, 4,000 ಬಡ್ಡಿ ಕಳೆದರೆ ಒಂದು ವರ್ಷ ಹುಳು ಹಿಡಿಯದಂತೆ ಕಾದದ್ದಕ್ಕೆ ಬಂದ ಲಾಭ 100 ರೂಪಾಯಿ. ಧಾರಣೆ 50,000ಕ್ಕೆ ಹೋದರೆ ಬೇರೆ ಕಥೆ. 38,000ಕ್ಕೆ ಇಳಿದರೆ ಇನ್ನೊಂದು ಕಥೆ. ಎಂಟನೇ ಕ್ಲಾಸಿನ ಹುಡುಗಿ ಈ ಲೆಕ್ಕ ಮಾಡಿ ಮನೆಗೆ ಒಯ್ದರೆ ಆ ದಿನದ ಊಟದ ಚರ್ಚೆಯ ರುಚಿಯೇ ಬೇರೆ.

ಈ ಅಂಗಳದಿಂದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊಗೆ ಒಂದೇ ಹೆಜ್ಜೆ. 1970ರ ಆಸುಪಾಸಿನಲ್ಲಿ ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗಾಲಾದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈ 11ರಂದು ಅದು ಹುಟ್ಟಿತು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರದ್ದು. ಗಡಿಯ ಎರಡೂ ಬದಿಯ ತೋಟಗಳ ಕಷ್ಟ ಒಂದೇ ಆಗಿತ್ತು. ಮುಂದೆ ಅಡಿಕೆ ತೋಟದ ನಡುವೆ ಬೆಳೆದ ಕೊಕ್ಕೊಗೆ ಕೊಳ್ಳುವವರು ಇಲ್ಲದಾದಾಗ ಅದನ್ನೂ ಕೊಳ್ಳಲು ಹೊರಟು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ಹಾಕಿತು. ಕಾಸರಗೋಡಿನ ಮಗುವಿಗೆ ಅಮೆರಿಕದ ಗ್ಯಾರೇಜಿನಲ್ಲಿ ಹುಟ್ಟಿದ ಕಂಪನಿಯ ಕಥೆ ಗೊತ್ತಿದೆ. ತನ್ನ ಅಜ್ಜ ಷೇರುದಾರನಾಗಿರುವ ಸಂಸ್ಥೆಯ ಕಥೆ ಗೊತ್ತಿಲ್ಲ. ಉದ್ಯಮ ಎಂದರೆ ಒಬ್ಬನೇ ಹೀರೋ ಎಂದು ನಂಬಿಸುವ ಈ ಕಾಲದಲ್ಲಿ, ಹತ್ತು ಜನ ಸೇರಿ ಧಾರಣೆ ಬೀಳದಂತೆ ನಿಲ್ಲಿಸಿದ ಉದಾಹರಣೆ ಮನೆ ಹತ್ತಿರವೇ ಇದ್ದೂ ಕ್ಲಾಸಿಗೆ ಬರುವುದಿಲ್ಲ ಎಂದರೆ ಬೇಸರವಾಗುತ್ತದೆ.

ಕಾಸರಗೋಡಿನಲ್ಲೇ ಕೇಂದ್ರ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ತೆಂಗಿನ ಹೊಂಬಾಳೆಯಿಂದ ರಸವನ್ನು ಹುಳಿಯಾಗದಂತೆ ತಂಪಾಗಿ ಇಳಿಸುವ ವಿಧಾನ, ತೆಂಗಿನ ಚಿಪ್ಸ್, ವರ್ಜಿನ್ ಎಣ್ಣೆ ಇವನ್ನೆಲ್ಲ ಅಲ್ಲಿಂದ ಕಲಿತು ಘಟಕ ಹಾಕಿದವರಿದ್ದಾರೆ. ಶಾಲೆಗಳು ಅಲ್ಲಿಗೆ ಪ್ರವಾಸ ಹೋಗುತ್ತವೆ, ಫೋಟೋ ತೆಗೆಸಿಕೊಂಡು ಬರುತ್ತವೆ. ಮಕ್ಕಳು ಒಂದೇ ಒಂದು ಉತ್ಪನ್ನದ ಬೆಲೆ ಹೇಗೆ ಕಟ್ಟಿದ್ದಾರೆಂದು ಕೇಳಿಕೊಂಡು ಬಂದರೂ ಪ್ರವಾಸದ ಬಸ್ ಬಾಡಿಗೆ ವಸೂಲಾದೀತು.

ಹೊರದೇಶದ ಗಾಳಿ ಹೇಗೆ ಬೀಸುತ್ತದೆ ಎಂಬುದಕ್ಕೆ ಅಡಿಕೆ ಹಾಳೆ ತಟ್ಟೆ ಸಾಕು. ಬಿದ್ದ ಹಾಳೆ ಹೆಕ್ಕಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುವ ಘಟಕಗಳು ಈ ಭಾಗದಲ್ಲಿ ಬೇಕಾದಷ್ಟು ಎದ್ದವು. ಪ್ಲಾಸ್ಟಿಕ್ ಬೇಡ ಎನ್ನುವ ದೇಶಗಳಿಗೆ ರಫ್ತು ನಡೆಯಿತು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಡಿಕೆಯಲ್ಲಿರುವ ರಾಸಾಯನಿಕಗಳು ಆಹಾರಕ್ಕೆ ಸೇರಬಹುದು ಎಂಬ ಕಾರಣ ಕೊಟ್ಟು ಈ ತಟ್ಟೆಗಳ ಆಮದಿಗೆ ತಡೆ ಹಾಕಿತು. ಒಬ್ಬನೇ ಗಿರಾಕಿಯನ್ನು ನಂಬಿದವರಿಗೆ ಪೆಟ್ಟು ಬಿತ್ತು.

ಗಡಿಯ ತೊಡಕು

ಬೇರೆ ಜಿಲ್ಲೆಗಳಲ್ಲಿ ಇಲ್ಲದ ಒಂದು ಪಾಠ ನಮ್ಮಲ್ಲಿದೆ. ಮಂಜೇಶ್ವರದವರಿಗೆ ಕಾಸರಗೋಡಿಗಿಂತ ಮಂಗಳೂರೇ ಹತ್ತಿರ. ಸಾಮಾನು ತರುವುದು ಅಲ್ಲಿಂದ, ಕಾಲೇಜು ಅಲ್ಲಿ, ಆಸ್ಪತ್ರೆ ಅಲ್ಲಿ. ಆದರೆ ತಲಪಾಡಿ ದಾಟಿದರೆ ಬೇರೆ ರಾಜ್ಯ. ಸಣ್ಣ ವ್ಯಾಪಾರಿಗೆ ಜಿಎಸ್‌ಟಿ ನೋಂದಣಿ ಬೇಡ ಎನ್ನುವ ವಹಿವಾಟಿನ ಮಿತಿ ಇದೆಯಲ್ಲ, ತೆರಿಗೆ ಇರುವ ಸರಕನ್ನು ಇನ್ನೊಂದು ರಾಜ್ಯಕ್ಕೆ ಮಾರುವವರಿಗೆ ಆ ಮಿತಿಯ ರಕ್ಷಣೆ ಸಿಗುವುದಿಲ್ಲ. ಕರಕುಶಲ ವಸ್ತುಗಳಂಥ ಕೆಲವಕ್ಕೆ ಮಾತ್ರ ವಿನಾಯ್ತಿ. ಬೆಂಗಳೂರಿನ ಮಗು ಪಕ್ಕದ ಪಟ್ಟಣಕ್ಕೆ ಚಿಪ್ಸ್ ಕಳಿಸಿದರೆ ಏನೂ ಇಲ್ಲ. ಕುಂಜತ್ತೂರಿನವರು ಗಡಿಯಾಚೆ ತೊಕ್ಕೊಟ್ಟಿನ ಅಂಗಡಿಗೆ ಕಳಿಸಿದರೆ ಕಾನೂನಿನ ಕಣ್ಣಲ್ಲಿ ಅಂತರರಾಜ್ಯ ವ್ಯಾಪಾರ. ಪಠ್ಯಪುಸ್ತಕ ಬರೆಯುವ ತಿರುವನಂತಪುರದವರಿಗೆ ಇದು ನೆನಪಾಗುವುದು ಕಷ್ಟ. ಇಲ್ಲಿನ ಟೀಚರುಗಳೇ ಸೇರಿಸಬೇಕು.

ಕಾಗದಪತ್ರದ ಇನ್ನೊಂದಷ್ಟು ವಿಷಯಗಳು ಅಷ್ಟೇನೂ ಕಷ್ಟದವಲ್ಲ. ತಿನ್ನುವ ಪದಾರ್ಥವಾದರೆ ಎಷ್ಟೇ ಸಣ್ಣ ಪ್ರಮಾಣದಲ್ಲಿ ಮಾಡಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪ್ರಾಥಮಿಕ ನೋಂದಣಿ ಬೇಕು, ಅದರ ಫೀಸು ವರ್ಷಕ್ಕೆ 100 ರೂಪಾಯಿ. ಪ್ಯಾಕೆಟಿನ ಮೇಲೆ ನಿವ್ವಳ ತೂಕ, ಬೆಲೆ, ಮಾಡಿದ ದಿನ, ಯಾವಾಗಿನೊಳಗೆ ತಿನ್ನಬೇಕು, ಏನೇನು ಹಾಕಿದೆ, ಮಾಡಿದವರ ವಿಳಾಸ, ಆ ನೋಂದಣಿಯ 14 ಅಂಕಿಯ ನಂಬರ್ ಇರಬೇಕು. ಕೇರಳದಲ್ಲಿ 2019ರ ಕಾನೂನಿನ ಪ್ರಕಾರ ಸಣ್ಣ ಉದ್ಯಮ ಶುರುಮಾಡುವವರು ಆನ್‌ಲೈನಿನಲ್ಲಿ ಸ್ವಯಂ ಘೋಷಣೆ ಕೊಟ್ಟು ಸ್ವೀಕೃತಿ ಪತ್ರ ಪಡೆದರೆ, ರಾಜ್ಯದ ಹಲವು ಲೈಸನ್ಸುಗಳಿಗಾಗಿ ಮೊದಲ ಮೂರು ವರ್ಷ ಅಲೆಯಬೇಕಾಗಿಲ್ಲ. ಈ ಸೌಕರ್ಯ ಊರಿನ ದೊಡ್ಡವರಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಅರ್ಜಿ ಇಂಗ್ಲಿಷ್ ಅಥವಾ ಮಲಯಾಳದಲ್ಲಿದ್ದರೆ ಕನ್ನಡದಲ್ಲಿ ಓದಿದ ಮನೆಯವರು ಯಾರದ್ದೋ ಕೈಗೆ 500 ರೂಪಾಯಿ ಕೊಟ್ಟು ತುಂಬಿಸಿಕೊಳ್ಳುತ್ತಾರೆ. ಹತ್ತನೇ ಕ್ಲಾಸಿನ ಮಗು ಮೂರೂ ಭಾಷೆ ಓದಬಲ್ಲದು. ಒಂದು ಅರ್ಜಿ ತುಂಬಲು ಕಲಿತರೆ ನಾಲ್ಕು ಮನೆಗೆ ಉಪಕಾರ.

ಮಕ್ಕಳ ಹೆಸರಲ್ಲೇ ವ್ಯಾಪಾರ ಆಗುವುದಿಲ್ಲ ಎಂಬುದನ್ನೂ ಹೇಳಬೇಕು. 1872ರ ಕರಾರು ಕಾಯಿದೆ ಪ್ರಕಾರ ಹದಿನೆಂಟು ತುಂಬದವರು ಮಾಡಿಕೊಂಡ ಕರಾರು ನಿಲ್ಲುವುದಿಲ್ಲ. ಹಾಗಾಗಿ ಶಾಲೆಯ ವ್ಯಾಪಾರ ಅಲ್ಲಿನ ಸಹಕಾರ ಸೊಸೈಟಿಯ ಹೆಸರಲ್ಲೋ ಹೆತ್ತವರ-ಟೀಚರುಗಳ ಸಂಘದ (ಪಿಟಿಎ) ಹೆಸರಲ್ಲೋ ನಡೆಯಬೇಕು. ಬ್ಯಾಂಕ್ ಖಾತೆಯದ್ದು ಬೇರೆ. ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ನಿಯಮ ಪರಿಷ್ಕರಿಸಿದ ಮೇಲೆ ಹತ್ತು ತುಂಬಿದ ಮಕ್ಕಳಿಗೆ ತಾವೇ ಉಳಿತಾಯ ಖಾತೆ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದು. ಎಷ್ಟು ಹಣದವರೆಗೆ ಎಂಬುದನ್ನು ಬ್ಯಾಂಕೇ ತೀರ್ಮಾನಿಸುತ್ತದೆ. ಖಾತೆ ಕೊಟ್ಟ ದಿನವೇ ಇನ್ನೊಂದು ಮಾತನ್ನೂ ಕಿವಿಗೆ ಹಾಕಬೇಕು: "ನಿನ್ನ ಖಾತೆ ಸ್ವಲ್ಪ ದಿನ ಕೊಡು, ಕಮಿಷನ್ ಕೊಡ್ತೇನೆ" ಎನ್ನುವವನು ಸೈಬರ್ ಮೋಸದ ಹಣ ಹಾಯಿಸುವವನು. ಸಿಕ್ಕಿಬೀಳುವುದು ಖಾತೆಯ ಮಾಲೀಕ. ತಿಂಗಳಿಗೆ ಇಷ್ಟು ಲಾಭ ಎಂದು ಠೇವಣಿ ಎತ್ತಿ ಬಾಗಿಲು ಹಾಕಿದ ಚಿನ್ನದಂಗಡಿಯ ಕಥೆಯೂ ಈ ಜಿಲ್ಲೆಗೆ ಹೊಸತಲ್ಲ.

ಎಲ್ಲರೂ ಉದ್ಯಮಿಗಳಾಗಬೇಕೇ?

ಬೇಡ. ಈ ವಿಷಯದಲ್ಲಿ ನನಗೆ ಇರುವ ದೊಡ್ಡ ಅನುಮಾನವೂ ಇದೇ. ಕೆಲಸ ಸೃಷ್ಟಿಸುವುದು ಸರ್ಕಾರದ, ದೊಡ್ಡವರ ಜವಾಬ್ದಾರಿ. "ಕೆಲಸ ಕೇಳಬೇಡಿ, ಕೆಲಸ ಕೊಡುವವರಾಗಿ" ಎಂದು ಹದಿನಾಲ್ಕರ ಮಕ್ಕಳಿಗೆ ಭಾಷಣ ಮಾಡುವುದು ಆ ಹೊರೆಯನ್ನು ಅವರ ತಲೆಗೆ ಹೊರಿಸಿದ ಹಾಗೆ. ಸೋತರೆ ನಿನ್ನದೇ ತಪ್ಪು ಎನ್ನಲೂ ಸುಲಭ.

ಆದರೆ ಲೆಕ್ಕ ಬೇಕಾಗುವುದು ಮಾಲೀಕನಿಗೆ ಮಾತ್ರವಲ್ಲ. ಬೀಡಿ ಕಟ್ಟುವ ಮನೆಯನ್ನೇ ನೋಡಿ. ಕೂಲಿ ಸಾವಿರಕ್ಕೆ ಇಷ್ಟು ಎಂದು. ಎಲೆ ಕೊಡುವುದು ಕಂತ್ರಾಟುದಾರ. ಎಲೆ ಕಮ್ಮಿ ಬಿದ್ದರೆ ಕೈಯಿಂದ ಹಾಕಿ ತರಬೇಕು. ಸರಿಯಿಲ್ಲ ಎಂದು ತೆಗೆದಿಟ್ಟ ಬೀಡಿಯ ಕೂಲಿ ಹೋಯಿತು. ಅಮ್ಮನಿಗೆ ದಿನಕ್ಕೆ ನಿಜವಾಗಿ ಬಿದ್ದದ್ದೆಷ್ಟು, ಪಿಎಫ್ ಎಷ್ಟು ಕಟ್ಟಾಯಿತು ಎಂದು ಪುಸ್ತಕ ನೋಡಿ ಹೇಳುವ ಮಗಳು ಮನೆಯಲ್ಲಿದ್ದರೆ ವಾರದ ಲೆಕ್ಕದ ದಿನ ಮಾತೇ ಬೇರೆ ಇರುತ್ತದೆ. ಗಲ್ಫಿಗೆ ಹೋಗುವವನಿಗೆ ಸಂಬಳದ ಕರಾರು ಓದಲು, ಮಂಗಳೂರಿನ ಅಂಗಡಿಗೆ ಸೇರುವವಳಿಗೆ ಸಂಬಳದ ಚೀಟಿ ಓದಲು ಇದೇ ವಿದ್ಯೆ ಸಾಕು.

ಮಕ್ಕಳನ್ನು ದುಡಿಸುವುದಕ್ಕೆ ಇದು ನೆಪವಾಗಬಾರದು ಎಂಬುದೂ ಅಷ್ಟೇ ಮುಖ್ಯ. 2016ರ ತಿದ್ದುಪಡಿಯಾದ ಕಾನೂನು ಹದಿನಾಲ್ಕರೊಳಗಿನವರ ದುಡಿತವನ್ನು ನಿಷೇಧಿಸಿದೆ. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಮನೆಯವರ ಅಪಾಯವಿಲ್ಲದ ಕಸುಬಿಗೆ ಸಹಾಯ ಮಾಡಲು ಬಿಟ್ಟಿದೆ. ಶಾಲೆಗಳಿಗೂ ಒಂದು ಕೆಟ್ಟ ಅಭ್ಯಾಸ ಇದೆ: ಕಟ್ಟಡ ನಿಧಿಗೋ ವಾರ್ಷಿಕೋತ್ಸವಕ್ಕೋ ಲಕ್ಕಿ ಕೂಪನ್ ಪುಸ್ತಕ ಕೊಟ್ಟು ಮಾರಿಕೊಂಡು ಬಾ ಎನ್ನುವುದು. ಕೊನೆಗೆ ಅಷ್ಟೂ ಕೂಪನ್ ಮಾವನೂ ಅತ್ತೆಯೂ ಕೊಳ್ಳುತ್ತಾರೆ. ಅದಕ್ಕೆ ಉದ್ಯಮಶೀಲತೆ ಎಂದು ಹೆಸರಿಡುವುದು ಬೇಡ.

ಎಲ್ಲಿ ನಡೆಸುವುದು, ಯಾವಾಗ?

ಜಾಗ ಹುಡುಕಬೇಕಾಗಿಲ್ಲ. ಕೇರಳದ ಶಾಲೆಗಳಿಗೆ ಪಠ್ಯಪುಸ್ತಕ ಬರುವ ದಾರಿಯನ್ನೇ ಗಮನಿಸಿ. ಕಾಕ್ಕನಾಡಿನ ಸರ್ಕಾರಿ ಕೆಬಿಪಿಎಸ್ ಪ್ರೆಸ್ಸಿನಲ್ಲಿ ಅಚ್ಚಾಗಿ, ಜಿಲ್ಲೆಯ ಕೇಂದ್ರದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಜಾಲವಾದ ಕುಟುಂಬಶ್ರೀಯವರು ವಿಂಗಡಿಸಿ, ಶಾಲೆಯ ಸಹಕಾರ ಸೊಸೈಟಿಗೆ ಬರುತ್ತದೆ. ಎಂಟರವರೆಗೆ ಉಚಿತ, ಒಂಬತ್ತು-ಹತ್ತಕ್ಕೆ ದುಡ್ಡು. ಅಂದರೆ ಶಾಲೆಯೊಳಗೇ ಸ್ಟಾಕ್ ಇದೆ, ಗಿರಾಕಿ ಇದ್ದಾರೆ, ರಶೀದಿ ಇದೆ, ಲೆಕ್ಕ ತಪಾಸಣೆ ಇದೆ. ಇಷ್ಟೆಲ್ಲ ಇದ್ದೂ ಅದನ್ನು ಒಬ್ಬ ಮಾಷ್ಟ್ರು ಗೊಣಗುತ್ತಾ ತಲೆ ಮೇಲೆ ಹೊತ್ತಿರುತ್ತಾರೆ. ಒಂಬತ್ತನೇ ಕ್ಲಾಸಿನ ಆರು ಮಕ್ಕಳನ್ನು ಸೇರಿಸಿಕೊಂಡು ನೋಟ್‌ಬುಕ್, ಪೆನ್ನು, ಚಾರ್ಟಿನ ಖರೀದಿ-ಮಾರಾಟ ಅವರಿಗೆ ಬಿಟ್ಟರೆ ಮಾಷ್ಟ್ರ ಹೊರೆಯೂ ಇಳಿಯುತ್ತದೆ. ಯಾವ ನೋಟ್‌ಬುಕ್ ಖರ್ಚಾಗುತ್ತದೆ, ಯಾವುದು ಧೂಳು ತಿನ್ನುತ್ತದೆ ಎಂದು ಅವರಿಗೆ ಒಂದು ತಿಂಗಳಲ್ಲೇ ಗೊತ್ತಾಗುತ್ತದೆ. ಹಿಂದೆ ಸಂಚಯಿಕಾ ಎಂಬ ಶಾಲಾ ಉಳಿತಾಯ ಯೋಜನೆ ಇದ್ದ ಕಾಲದಲ್ಲಿ ಶಾಲೆಯಲ್ಲಿ ದುಡ್ಡು ಕಟ್ಟಿ ಪಾಸ್‌ಪುಸ್ತಕ ತುಂಬಿಸಿಕೊಂಡವರು ಈಗಲೂ ಅದನ್ನು ಮರೆತಿಲ್ಲ.

ತಿಂಡಿಯ ವ್ಯಾಪಾರವಾದರೆ ನೋಂದಣಿ ಇರುವ ಹತ್ತಿರದ ಕುಟುಂಬಶ್ರೀ ಘಟಕದ ಜೊತೆ ಸೇರುವುದು ಒಳ್ಳೆಯದು. ಕಾಗದದ ತೊಂದರೆ ತಪ್ಪುತ್ತದೆ. ಮಕ್ಕಳಿಗೆ ಹತ್ತಾರು ವರ್ಷ ವ್ಯಾಪಾರ ಮಾಡಿದ ಹೆಂಗಸರ ಬಾಯಿಂದಲೇ ಪಾಠ ಸಿಗುತ್ತದೆ. ಹುಡುಗರಿಗೂ ಅಡುಗೆಮನೆಯ ಕೆಲಸ ಎಷ್ಟೆಂದು ಗೊತ್ತಾದೀತು.

ಕಷ್ಟ ಇರುವುದು ಕ್ಯಾಲೆಂಡರಿನಲ್ಲಿ. ಸೋಂಟೆಗೆ ಆಗುವ ಹಲಸು ಸಿಗುವುದು ಫೆಬ್ರವರಿಯಿಂದ ಮೇವರೆಗೆ. ಆಗ ಪರೀಕ್ಷೆ, ಆಮೇಲೆ ರಜೆ. ಓಣಂ ಸಮಯದಲ್ಲಿ ಹೂವಿಗೆ ಕೇರಳದಲ್ಲಿ ಬೇಡಿಕೆಯೋ ಬೇಡಿಕೆ, ಗುಂಡ್ಲುಪೇಟೆ ಕಡೆಯಿಂದ ಲಾರಿಗಟ್ಟಲೆ ಚೆಂಡುಹೂ ಬರುತ್ತದೆ. ಶಾಲೆಯ ಹಿತ್ತಿಲಲ್ಲಿ ಜೂನ್ ಕೊನೆಗೆ ಗಿಡ ನೆಟ್ಟರೆ ಚೌತಿಗೂ ಓಣಂಗೂ ಹೂ ಸಿಕ್ಕೀತು. ಆದರೆ ಜುಲೈಯ ಮಳೆಗೆ ಗಿಡ ಕೊಳೆಯದಂತೆ ಏರು ಮಡಿ ಮಾಡಬೇಕು. ಹೂ ಕೊಯ್ಯುವ ವಾರದಲ್ಲೇ ಓಣಂ ಪರೀಕ್ಷೆ ಬಂದು ಕೂರುತ್ತದೆ. ಹಾಗಾಗಿ ವರ್ಷಕ್ಕೆ ಒಂದೇ ದೊಡ್ಡ ಮೇಳ ಮಾಡಿ ಮುಗಿಸುವುದಕ್ಕಿಂತ ಸೊಸೈಟಿಯ ಅಂಗಡಿಯಂಥ ದಿನಕ್ಕೆ ಹದಿನೈದು ನಿಮಿಷದ ವ್ಯವಹಾರವೇ ಹೈಸ್ಕೂಲಿಗೆ ಹೊಂದುತ್ತದೆ.

ಇನ್ನು ಟೀಚರುಗಳ ವಿಷಯ. ವೃತ್ತಿ ಶಿಕ್ಷಣಕ್ಕೆ ಪ್ರತ್ಯೇಕ ಟೀಚರ್ ಎಲ್ಲ ಶಾಲೆಗೂ ಇಲ್ಲ. ಗುತ್ತಿಗೆಯಲ್ಲಿ ಬರುವವರು ಒಂದಕ್ಕಿಂತ ಹೆಚ್ಚು ಶಾಲೆ ಸುತ್ತಬೇಕು. ಕನ್ನಡ ಬಲ್ಲವರೇ ಸಿಗುತ್ತಾರೆಂಬ ಖಾತ್ರಿಯೂ ಇಲ್ಲ. ಅದಕ್ಕೇ ಗಣಿತ ಮತ್ತು ಸಮಾಜದ ಟೀಚರುಗಳು ಸೇರಿ ತಿಂಗಳಿಗೆ ಎರಡು ಪೀರಿಯಡ್ ಕೊಟ್ಟರೆ ಸಾಕು ಎನ್ನುತ್ತೇನೆ. ಊರಿನ ಸಹಕಾರಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಗುಮಾಸ್ತರು ಬಂದು ಕೂತರೆ ಇನ್ನೂ ಒಳ್ಳೆಯದು. ಜಮಾ-ಖರ್ಚಿನ ಪುಸ್ತಕ ಅವರಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ, ಮತ್ತು ಅವರಿಗೆ ಬೇಕಾದಷ್ಟು ಪುರುಸೊತ್ತಿದೆ.

ನಷ್ಟ ಆದರೆ ಯಾರು ಕಟ್ಟಬೇಕು ಎಂಬುದನ್ನು ಶುರುವಿಗೇ ಬರೆದಿಡಬೇಕು. ಮಕ್ಕಳ ಮನೆಯಿಂದ ಬಂಡವಾಳ ತರಿಸಿದರೆ ಬಡವರ ಮಗು ಹಿಂದೆ ಸರಿಯುತ್ತದೆ, ಉಳ್ಳವರ ಮಗು ಮ್ಯಾನೇಜರ್ ಆಗುತ್ತದೆ. ಪಿಟಿಎ ಒಂದು ತಂಡಕ್ಕೆ 500 ರೂಪಾಯಿ ಕೊಡಲಿ. ಹೋದರೆ ಅಷ್ಟೇ ಹೋಯಿತು. ಅಂಕ ಕೊಡುವುದಿದ್ದರೆ ಲಾಭಕ್ಕೆ ಬೇಡ. ಲಾಭಕ್ಕೆ ಅಂಕ ಇಟ್ಟರೆ ಉಳಿದ ಪ್ಯಾಕೆಟನ್ನು ಅಪ್ಪನೇ ಕೊಂಡು ಮುಗಿಸುತ್ತಾರೆ, ಪುಸ್ತಕದಲ್ಲಿ ಮಾರಾಟ ಎಂದು ಬರುತ್ತದೆ. ಮಗು ಬರೆದ ಲೆಕ್ಕದ ಪುಸ್ತಕ ನೋಡಿ ಅಂಕ ಕೊಡಲಿ: ನಷ್ಟವನ್ನು ಮುಚ್ಚದೆ ಬರೆದಿದೆಯೇ, ಉದ್ರಿ ಯಾರದ್ದೆಂದು ಇದೆಯೇ, ಕೂಲಿ ಹಾಕಿದೆಯೇ. ಮುಂದಿನ ಶಾಸ್ತ್ರೋತ್ಸವದಲ್ಲಿ ಕೊಡೆಯ ಪಕ್ಕ ಒಂದು ಪುಟದ ಖರ್ಚುಪಟ್ಟಿಯೂ ಇರಬೇಕು ಎಂದು ನಿಯಮಕ್ಕೆ ಒಂದು ಸಾಲು ಸೇರಿಸಲು ಇಲಾಖೆಗೆ ಬಜೆಟ್ಟೂ ಬೇಡ, ಹೊಸ ಯೋಜನೆಯ ಹೆಸರೂ ಬೇಡ.